ಪೋಲಿಷ್ ವ್ಯಾಕರಣ: ಏಳು ವಿಭಕ್ತಿಗಳನ್ನು ಬಲ್ಲ ಕನ್ನಡಿಗರಿಗೆ ಎಲ್ಲಿ ತೊಡಕಾಗುತ್ತದೆ?

ಓದ್ರಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವನು, ಪೋಲೆಂಡಿನ ವ್ರೊತ್ಸ್ವಾಫ್ ನಗರಕ್ಕೆ ಬಂದು ಎರಡು ವರ್ಷವಾಯಿತು. ಕಚೇರಿಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ ಮೊದಲ ವರ್ಷ ಪೋಲಿಷ್ ಕಲಿಯುವ ಗೋಜಿಗೇ ಹೋಗಲಿಲ್ಲ. ಈಗ ಮಗಳು ಇಲ್ಲಿನ ಶಾಲೆಗೆ ಸೇರಿದ್ದಾಳೆ, ಶಾಲೆಯಿಂದ ಬರುವ ಚೀಟಿಗಳನ್ನು ಅವಳೇ ನನಗೆ ಓದಿ ಹೇಳುವಂತಾಗಿದೆ. ಹಾಗಾಗಿ ಸಂಜೆ ತರಗತಿಗೆ ಸೇರಿ ಎಂಟು ತಿಂಗಳಾದವು.

ಮೊದಲ ದಿನ ಮೇಷ್ಟ್ರು ಏಳು ವಿಭಕ್ತಿಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದಾಗ ಜೊತೆಯಲ್ಲಿದ್ದ ಬೇರೆ ದೇಶಗಳವರು ಕಂಗಾಲಾದರು, ನನಗೆ ಮಾತ್ರ ಧೈರ್ಯ ಬಂದಿತು. ಪ್ರಥಮಾ, ದ್ವಿತೀಯಾ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವನಿಗೆ ಇದೇನು ಮಹಾ ಎಂದುಕೊಂಡೆ. ಆ ಧೈರ್ಯ ಈಗ ಉಳಿದಿಲ್ಲ. ಕಳೆದ ವಾರ ಮನೆಯ ಕೆಳಗಿನ ಬೇಕರಿಯಲ್ಲಿ ಐದು ಬನ್ನು ಕೇಳಿದೆ. ಬನ್ನಿಗೆ ಇಲ್ಲಿ 'ಬುವ್ಕ' ಎನ್ನುತ್ತಾರೆ. ಹಿಂದಿನ ದಿನ 'ದ್ವ್ಯೆ ಬುವ್ಕಿ', ಅಂದರೆ ಎರಡು ಬನ್ನು, ಎಂದು ಕೇಳಿದ್ದೆ, ಅದು ಸರಿಯಾಗಿತ್ತು. ಅದೇ ಧೈರ್ಯದಲ್ಲಿ 'ಪ್ಯೆಂಚ್ ಬುವ್ಕಿ' ಎಂದೆ. ಅಂಗಡಿಯ ಹಿರಿಯ ಹೆಂಗಸು ಬಹಳ ಮೆತ್ತಗೆ 'ಪ್ಯೆಂಚ್ ಬುವೆಕ್' ಎಂದು ತಿದ್ದಿ ಚೀಲಕ್ಕೆ ಹಾಕಿದರು. ಬ್ರೆಡ್ಡಿಗೆ 'ಖ್ಲೆಪ್' ಎಂಬ ಪದ ಕಲಿತಿದ್ದೆ, ಅದನ್ನೂ ಕೇಳಿದೆ. 'ನ್ಯೆ ಮ ಖ್ಲೆಬ' ಎಂದರು. ಇಲ್ಲ ಎಂಬುದು ತಿಳಿಯಿತು, ಆದರೆ ಖ್ಲೆಪ್ ಎಂಬುದು ಖ್ಲೆಬ ಏಕಾಯಿತು ಎಂಬುದು ತಿಳಿಯಲಿಲ್ಲ.

ವಿಭಕ್ತಿ ಎಂದರೇನೆಂದು ಗೊತ್ತಿದ್ದೂ ನಾನು ಇಷ್ಟು ಎಡವುತ್ತಿರುವುದೇಕೆ? ಕನ್ನಡ ನೆರವಾಗುವುದು ಎಲ್ಲಿ, ದಾರಿ ತಪ್ಪಿಸುವುದು ಎಲ್ಲಿ ಎಂದು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ. ಪೋಲಿಷ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲೇ ಬರೆಯೋಣ.

ಕಾಗುಣಿತ

ನೀವು ಎಡವಿದ್ದು ಸರಿಯಾದ ಜಾಗದಲ್ಲಿಯೇ. ಕ್ರಾಕುಫ್‌ನಲ್ಲಿ ಹನ್ನೊಂದು ವರ್ಷ ಕಳೆದ ಮೇಲೆ ನನ್ನ ಅಭಿಪ್ರಾಯ ಇದು: ಪೋಲಿಷಿನ ಏಳು ವಿಭಕ್ತಿಗಳಲ್ಲಿ ಮೊದಲು ಕೈವಶ ಮಾಡಿಕೊಳ್ಳಬೇಕಾದದ್ದು 'ದೊಪೆವ್ನ್ಯಚ್', ಅಂದರೆ ನಾವು ಷಷ್ಠೀ ಎಂದು ಕರೆಯುವ ವಿಭಕ್ತಿ. ಆದರೆ ಷಷ್ಠೀ ಎಂಬ ಹೆಸರಿನಿಂದಲೇ ನಮಗೆ ತೊಂದರೆ ಶುರುವಾಗುತ್ತದೆ. ಕನ್ನಡದಲ್ಲಿ ಷಷ್ಠಿಯ ಕೆಲಸ ಒಂದು ನಾಮಪದವನ್ನು ಇನ್ನೊಂದಕ್ಕೆ ಜೋಡಿಸುವುದು: ರಾಮನ ಮನೆ, ಊರಿನ ಕೆರೆ. ಪೋಲಿಷಿನಲ್ಲಿ ಆ ಕೆಲಸವೂ ಇದಕ್ಕೆ ಇದೆ, ಆದರೆ ಅದು ಒಟ್ಟು ಕೆಲಸದ ಒಂದು ಪಾಲು ಮಾತ್ರ.

ನಿಮ್ಮ ಬ್ರೆಡ್ಡನ್ನೇ ನೋಡಿ. ಇಲ್ಲದ ವಸ್ತು ಈ ವಿಭಕ್ತಿಯಲ್ಲೇ ನಿಲ್ಲುತ್ತದೆ. 'ಮಮ್ ಚಾಸ್' ಎಂದರೆ ನನಗೆ ಸಮಯವಿದೆ, 'ನ್ಯೆ ಮಮ್ ಚಾಸು' ಎಂದರೆ ಸಮಯವಿಲ್ಲ. ಕನ್ನಡದಲ್ಲಿ ಇದೆ ಎಂಬುದು ಇಲ್ಲ ಎಂದಾಗುತ್ತದೆ, ಸಮಯಕ್ಕೆ ಏನೂ ಆಗುವುದಿಲ್ಲ. ಅಲ್ಲಿ ನಿಷೇಧದ ಬಿಸಿ ನಾಮಪದಕ್ಕೂ ತಟ್ಟುತ್ತದೆ. ಕರ್ಮಪದವೂ ಹಾಗೆಯೇ: 'ನೋಡುತ್ತೇನೆ' ಎಂದಾಗ ದ್ವಿತೀಯೆಯಲ್ಲಿದ್ದ ಪದ 'ನೋಡುವುದಿಲ್ಲ' ಎಂದ ಕೂಡಲೇ ಷಷ್ಠಿಗೆ ಜಾರುತ್ತದೆ. ಇದಲ್ಲದೆ 'ದೊ' ಎಂಬ ಪದದೊಂದಿಗೆ 'ಒಂದೆಡೆಗೆ' ಎನ್ನುವಾಗ, ಎಲ್ಲಿಂದಲೋ ಬಂದೆ ಎನ್ನುವಾಗ, ಅರ್ಧ, ಬಹಳ, ಸ್ವಲ್ಪ ಎಂಬ ಪ್ರಮಾಣಗಳ ಜೊತೆ, ತಾರೀಖಿನಲ್ಲಿ ತಿಂಗಳ ಹೆಸರು ಹೇಳುವಾಗ, ಎಲ್ಲ ಕಡೆಯೂ ಇದೇ ವಿಭಕ್ತಿ ಎದುರಾಗುತ್ತದೆ.

ಇನ್ನು ಐದು ಬನ್ನುಗಳ ವಿಷಯ. ವಸ್ತುಗಳನ್ನು ಎಣಿಸುವಾಗ ಎರಡು, ಮೂರು, ನಾಲ್ಕರ ಜೊತೆ ಪ್ರಥಮೆಯ ಬಹುವಚನ, ಐದರಿಂದ ಇಪ್ಪತ್ತೊಂದರ ತನಕ ಷಷ್ಠಿಯ ಬಹುವಚನ. ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕಕ್ಕೆ ಮತ್ತೆ ಪ್ರಥಮೆ, ಇಪ್ಪತ್ತೈದರಿಂದ ಮರಳಿ ಷಷ್ಠಿ. ಹನ್ನೆರಡು, ಹದಿಮೂರು, ಹದಿನಾಲ್ಕು ಮಾತ್ರ ಕೊನೆಯಲ್ಲಿ ಎರಡು, ಮೂರು, ನಾಲ್ಕು ಇದ್ದರೂ ಷಷ್ಠಿಯನ್ನೇ ಹಿಡಿಯುತ್ತವೆ. ಇಲ್ಲಿನ ಹಣವಾದ ಜ್ವೊತಿಯನ್ನು ಎಣಿಸುವಾಗ ಇದು ದಿನವೂ ಕಿವಿಗೆ ಬೀಳುತ್ತದೆ: 'ದ್ವ ಜ್ವೊತೆ', 'ಪ್ಯೆಂಚ್ ಜ್ವೊತಿಖ್'. ಇದರ ಹಿಂದಿನ ಕಾರಣ ತಿಳಿದರೆ ನೆನಪಿಡುವುದು ಸುಲಭ. ಐದು ಮತ್ತು ಅದಕ್ಕಿಂತ ದೊಡ್ಡ ಸಂಖ್ಯೆಗಳು ಹಿಂದೆ ಈ ಭಾಷೆಯಲ್ಲಿ ನಾಮಪದಗಳೇ ಆಗಿದ್ದವು. ನಾವು 'ಹೂವುಗಳ ಕಟ್ಟು' ಎನ್ನುವಂತೆ ಅವರು 'ಬನ್ನುಗಳ ಐದು' ಎನ್ನುತ್ತಾರೆ. ಆದ್ದರಿಂದಲೇ ಕ್ರಿಯಾಪದವೂ ಏಕವಚನದ ನಪುಂಸಕಕ್ಕೆ ಇಳಿಯುತ್ತದೆ: ಐದು ಬನ್ನು ಇದ್ದವು ಎನ್ನಲು 'ಪ್ಯೆಂಚ್ ಬುವೆಕ್ ಬಿವೊ', ಅಕ್ಷರಶಃ 'ಬನ್ನುಗಳ ಐದು ಇತ್ತು'.

ಶಬ್ದಸಂಚಯ

ನಾನು ಧಾರವಾಡದಲ್ಲಿ ಕನ್ನಡ ಪಾಠ ಹೇಳುವವನು. ವಾರ್ಸಾದಲ್ಲಿ ಮಗನ ಮನೆಯಲ್ಲಿ ಆರು ತಿಂಗಳಿದ್ದಾಗ ಆಸಕ್ತಿಯಿಂದ ಈ ಭಾಷೆಯ ವ್ಯಾಕರಣವನ್ನು ಓದಿದೆ. ವಿಭಕ್ತಿಗಳಿಗೆ ಅವರು ಇಟ್ಟಿರುವ ಹೆಸರುಗಳು ಸೊಗಸಾಗಿವೆ. ತೃತೀಯೆಗೆ 'ನಝೆಂದ್ನಿಕ್' ಎನ್ನುತ್ತಾರೆ, ಆ ಪದ ಹುಟ್ಟಿದ್ದು ಉಪಕರಣ ಎಂಬರ್ಥದ ಪದದಿಂದ. ನಮ್ಮ ಕರಣಕಾರಕದ ಕಲ್ಪನೆಯೂ ಅದೇ ಅಲ್ಲವೇ? ಸಪ್ತಮಿಗೆ 'ಮ್ಯೆಯ್ಸ್ತ್ಸೊವ್ನಿಕ್', ಸ್ಥಳ ಎಂಬ ಪದದಿಂದ. ಸಂಬೋಧನೆಗೆ 'ವೊವಚ್', ಕೂಗು ಎಂಬ ಧಾತುವಿನಿಂದ. ಪಂಚಮಿ ಅವರಲ್ಲಿ ಇಲ್ಲ. ಕನ್ನಡದಲ್ಲಿಯೂ 'ದೆಸೆಯಿಂದ' ಎಂಬುದು ಪಟ್ಟಿಯಲ್ಲಿ ಉಳಿದಿದೆಯೇ ಹೊರತು ಮಾತಿನಲ್ಲಿ 'ಇಂದ' ಎಂಬುದೇ ಎರಡೂ ಕೆಲಸ ಮಾಡುತ್ತದೆ. ಕತ್ತಿಯಿಂದ ಕೊಯ್ದ, ಊರಿನಿಂದ ಬಂದ. ಪೋಲಿಷಿನಲ್ಲಿ ಈ ಎರಡು 'ಇಂದ'ಗಳು ಬೇರೆ ಬೇರೆ: ಕತ್ತಿಯಿಂದ ಎನ್ನಲು ಬರಿಯ ತೃತೀಯೆ ಸಾಕು, 'ನೊಝೆಮ್'. ಕ್ರಾಕುಫ್‌ನಿಂದ ಎನ್ನಲು ಮುಂದೆ ಒಂದು ಉಪಪದ, ಹಿಂದೆ ಷಷ್ಠೀ, 'ಸ್ ಕ್ರಾಕೊವ'.

ಆದರೆ ಪ್ರಶ್ನೆ ಕೇಳಿದವರ ತೊಡಕಿಗೆ ಮೂಲ ಕಾರಣ ಇದಕ್ಕಿಂತ ಆಳದಲ್ಲಿದೆ. ಕನ್ನಡದ ವಿಭಕ್ತಿ ಮಣಿ ಪೋಣಿಸಿದ ಹಾಗೆ: ಮನೆ, ಗಳು, ಅಲ್ಲಿ, ಮನೆಗಳಲ್ಲಿ. ಬಹುವಚನದ ಮಣಿ ಬೇರೆ, ಸಪ್ತಮಿಯ ಮಣಿ ಬೇರೆ, ದಾರ ಬಿಚ್ಚಿದರೆ ಒಂದೊಂದೂ ಕೈಗೆ ಬರುತ್ತದೆ. ಪೋಲಿಷಿನ ಪ್ರತ್ಯಯ ಎರಕ ಹೊಯ್ದ ಲೋಹದಂತೆ. ಲಿಂಗ, ವಚನ, ವಿಭಕ್ತಿ ಮೂರೂ ಒಂದೇ ಅಚ್ಚಿನಲ್ಲಿ ಸೇರಿಹೋಗಿವೆ, ಬಿಡಿಸಲು ಬರುವುದಿಲ್ಲ. ಜೊತೆಗೆ ಗುಣವಾಚಕವೂ ಕೈಹಿಡಿದು ನಡೆಯುತ್ತದೆ. ನಾವು ದೊಡ್ಡ ಮನೆ, ದೊಡ್ಡ ಮನೆಯಲ್ಲಿ, ದೊಡ್ಡ ಶಾಲೆಗೆ ಎಂದು 'ದೊಡ್ಡ' ಎಂಬುದನ್ನು ಮುಟ್ಟದೆ ಬಿಡುತ್ತೇವೆ. ಅವರಲ್ಲಿ 'ದುಝಿ ದೊಮ್' ಎಂದರೆ ದೊಡ್ಡ ಮನೆ, 'ವ್ ದುಝಿಮ್ ದೊಮು' ಎಂದರೆ ದೊಡ್ಡ ಮನೆಯಲ್ಲಿ, 'ವ್ ದುಝೆಯ್ ಷ್ಕೊಲೆ' ಎಂದರೆ ದೊಡ್ಡ ಶಾಲೆಯಲ್ಲಿ. ಈ ವಿಷಯದಲ್ಲಿ ಅದು ಸಂಸ್ಕೃತಕ್ಕೆ ಹತ್ತಿರ, ಕನ್ನಡಕ್ಕೆ ದೂರ. ವಿಭಕ್ತಿ ಏನು ಮಾಡುತ್ತದೆ ಎಂಬ ತಿಳಿವಳಿಕೆ ನಮಗೆ ಕನ್ನಡದಿಂದ ಬಂದಿದೆ. ಅದು ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ಹೊಸದಾಗಿಯೇ ಕಲಿಯಬೇಕು.

ಒಂದು ಕಡೆ ಕನ್ನಡ ನಿಜವಾಗಿಯೂ ಕೈಕೊಡದೆ ನಿಲ್ಲುತ್ತದೆ. 'ಪುಸ್ತಕ ಓದಿದೆ' ಎನ್ನುವಾಗ ನಾವು 'ಅನ್ನು' ಬಿಡುತ್ತೇವೆ, ಆದರೆ 'ಹುಡುಗ ನೋಡಿದೆ' ಎಂದು ಯಾರೂ ಹೇಳುವುದಿಲ್ಲ, 'ಹುಡುಗನನ್ನು' ಎನ್ನಲೇಬೇಕು. ಪೋಲಿಷಿನ ಪುಲ್ಲಿಂಗದ ಏಕವಚನದಲ್ಲಿಯೂ ಹೀಗೆಯೇ: ಜೀವವಿಲ್ಲದ ವಸ್ತು ಕರ್ಮಸ್ಥಾನದಲ್ಲಿ ಬದಲಾಗುವುದಿಲ್ಲ, 'ವಿದ್ಜೆ ಸ್ತುವ್', ಮೇಜನ್ನು ನೋಡುತ್ತೇನೆ. ಜೀವವಿರುವುದು ಬದಲಾಗಲೇಬೇಕು: ನಾಯಿಗೆ 'ಪ್ಯೆಸ್' ಎನ್ನುತ್ತಾರೆ, ನಾಯಿಯನ್ನು ನೋಡುತ್ತೇನೆ ಎನ್ನಲು 'ವಿದ್ಜೆ ಪ್ಸ'. ಅಕಾರದಲ್ಲಿ ಕೊನೆಯಾಗುವ ಸ್ತ್ರೀಲಿಂಗದ ಪದಗಳಿಗೆ ಈ ರಿಯಾಯಿತಿ ಇಲ್ಲ, ದ್ವಿತೀಯೆಯಲ್ಲಿ ಬುವ್ಕ ಯಾವಾಗಲೂ 'ಬುವ್ಕೆ' ಆಗುತ್ತದೆ.

ತುಂಗಭದ್ರಾ

ನಾನು ಪೊಜ್ನಾನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ವಿಭಕ್ತಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಲಿಂಗ, ಅದೂ 'ನಾನು' ಎನ್ನುವಾಗ ಬರುವ ಲಿಂಗ. ಕನ್ನಡದಲ್ಲಿ ಗಂಡಸಾಗಲಿ ಹೆಂಗಸಾಗಲಿ 'ಓದಿದೆ' ಎನ್ನುತ್ತೇವೆ. ಪೋಲಿಷಿನ ಭೂತಕಾಲದಲ್ಲಿ ಗಂಡಸು 'ಚಿತಾವೆಮ್' ಎನ್ನಬೇಕು, ಹೆಂಗಸು 'ಚಿತಾವಮ್' ಎನ್ನಬೇಕು. ಪ್ರಯೋಗಾಲಯದಲ್ಲಿ ನನ್ನ ಸುತ್ತ ಇದ್ದವರೆಲ್ಲ ಗಂಡಸರಾಗಿದ್ದರಿಂದ ಅವರ ಮಾತನ್ನೇ ಕೇಳಿ ಕಲಿತು, ಮಾಡಿದೆ, ಹೋದೆ, ಇದ್ದೆ ಎಂಬುದನ್ನೆಲ್ಲ ನಾಲ್ಕು ತಿಂಗಳ ಕಾಲ ಪುಲ್ಲಿಂಗದಲ್ಲೇ ಹೇಳುತ್ತಿದ್ದೆ. ಸೌಜನ್ಯಕ್ಕೋ ಏನೋ, ಯಾರೂ ತಿದ್ದಲಿಲ್ಲ. ಕೊನೆಗೆ ಮನೆಯ ಮಾಲೀಕರ ಎಂಟು ವರ್ಷದ ಮೊಮ್ಮಗಳು ತಿದ್ದಿದಳು. ಹೆಂಗಸರು ಹೆಂಗಸರ ಮಾತನ್ನು ಹೆಚ್ಚು ಕೇಳಿ ಕಲಿಯಬೇಕೆಂದು ಹೊಸದಾಗಿ ಬರುವವರಿಗೆ ನಾನು ಮೊದಲೇ ಹೇಳುತ್ತೇನೆ.

ಬಹುವಚನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕನ್ನಡದಲ್ಲಿ ಮನುಷ್ಯರಿಗೆ 'ಅವರು', ಉಳಿದದ್ದಕ್ಕೆ 'ಅವು'. ಎಣಿಸುವಾಗಲೂ ಇಬ್ಬರು, ಮೂವರು, ನಾಲ್ವರು ಬೇರೆ, ಎರಡು, ಮೂರು, ನಾಲ್ಕು ಬೇರೆ. ಪೋಲಿಷಿನಲ್ಲಿಯೂ 'ಒನಿ', 'ಒನೆ' ಎಂಬ ಎರಡು ಗುಂಪುಗಳಿವೆ, ಆದರೆ ಗೆರೆ ಎಳೆದಿರುವ ಜಾಗ ಬೇರೆ. ಗಂಡಸರಿರುವ ಗುಂಪು 'ಒನಿ'. ಹೆಂಗಸರು, ಮಕ್ಕಳು, ಬೆಕ್ಕು, ಮೇಜು, ಊರು ಎಲ್ಲವೂ 'ಒನೆ'. ಹೆಂಗಸರನ್ನು ವಸ್ತುಗಳ ಸಾಲಿಗೆ ಸೇರಿಸಿದ್ದು ನನಗೆ ಮೊದಲು ನೋವಾಗುವಂತಿತ್ತು, ಈಗಲೂ ಅದು ನ್ಯಾಯವೆನಿಸುವುದಿಲ್ಲ. ಆದರೆ ಕ್ರಿಯಾಪದವನ್ನು ಸರಿಯಾಗಿ ಹೇಳಬೇಕಾದರೆ ಆ ಗೆರೆಯನ್ನು ಒಪ್ಪಿಕೊಂಡೇ ನಡೆಯಬೇಕು. ಇಬ್ಬರು ವಿದ್ಯಾರ್ಥಿಗಳು 'ದ್ವುಖ್ ಸ್ತುದೆಂತುಫ್', ಇಬ್ಬರು ವಿದ್ಯಾರ್ಥಿನಿಯರು 'ದ್ವ್ಯೆ ಸ್ತುದೆಂತ್ಕಿ', ಎರಡು ಬೆಕ್ಕು 'ದ್ವ ಕೊತಿ', ಇಬ್ಬರು ಮಕ್ಕಳು 'ದ್ವೊಯೆ ಜೆಚಿ'. ಒಂದು 'ಎರಡು' ಇಷ್ಟು ವೇಷ ಹಾಕುತ್ತದೆ. ಗಂಡು ಹೆಣ್ಣು ಬೆರೆತ ಗುಂಪಿಗೂ 'ದ್ವೊಯೆ' ಎನ್ನುತ್ತಾರೆ. 'ಇಬ್ಬರು' ಎಂಬ ಪದ ಮನೆಮಾತಿನಲ್ಲಿ ಇರುವ ನಮಗೆ, ಮನುಷ್ಯರನ್ನು ಎಣಿಸಲು ಬೇರೆ ಪದ ಬೇಕೆಂಬುದು ವಿಚಿತ್ರವಾಗಿ ಕಾಣುವುದಿಲ್ಲ ಎಂಬುದೇ ಸಮಾಧಾನ.

ಮರ್ಯಾದೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಮಗೆ ಗೌರವವೆಂದರೆ ಬಹುವಚನ. ಇಲ್ಲಿ ಗಂಡಸರಿಗೆ 'ಪನ್', ಹೆಂಗಸರಿಗೆ 'ಪನಿ' ಎಂದು ಪ್ರಥಮಪುರುಷದ ಏಕವಚನವನ್ನೇ ಬಳಸುತ್ತಾರೆ: 'ಚಿ ಪನ್ ಮ ಚಾಸ್?', ತಮಗೆ ಸಮಯವಿದೆಯೇ? ಗೌರವ ಕಡಿಮೆಯಾದೀತೆಂದು ಕ್ರಿಯಾಪದವನ್ನು ಬಹುವಚನ ಮಾಡಿದರೆ ಎದುರಿನವರು ತಮ್ಮ ಪಕ್ಕದಲ್ಲಿ ಇನ್ನೊಬ್ಬರಿದ್ದಾರೆಯೇ ಎಂದು ನೋಡುತ್ತಾರೆ.

ಓದ್ರಾತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. 'ಬನ್ನುಗಳ ಐದು' ಎಂಬ ಮಾತು ತಲೆಯಲ್ಲಿ ಕುಳಿತುಬಿಟ್ಟಿತು. ಇನ್ನೊಂದು ಸಂದೇಹವಿದೆ. ನಿನ್ನೆ ತರಗತಿಯಲ್ಲಿ ಮೇಷ್ಟ್ರು ಒಬ್ಬರಿಗೆ ಕಿಟಕಿ ಮುಚ್ಚು ಎನ್ನಲು 'ಜಮ್‌ಕ್ನಿಯ್ ಒಕ್ನೊ' ಎಂದರು. ಸೆಕೆಯಾಗುತ್ತಿದೆ ಎಂದು ಬೇರೊಬ್ಬರು ಹೇಳಿದ ಮೇಲೆ, ಮುಚ್ಚಬೇಡ ಎನ್ನಲು 'ನ್ಯೆ ಜಮಿಕಯ್ ಒಕ್ನ' ಎಂದರು. ಒಕ್ನೊ ಎಂಬುದು ಒಕ್ನ ಆದದ್ದು ನಿಷೇಧದ ಷಷ್ಠಿಯಿಂದ ಎಂದು ಈಗ ಗೊತ್ತಾಯಿತು. ಕ್ರಿಯಾಪದವೇ ಬದಲಾದದ್ದೇಕೆ?

ಕಾಗುಣಿತ

ಇದು ಪೋಲಿಷ್ ವ್ಯಾಕರಣದ ಹೃದಯಭಾಗ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಅಲ್ಲಿ ಹೆಚ್ಚಿನ ಕ್ರಿಯಾಪದಗಳು ಜೋಡಿಯಾಗಿ ಬರುತ್ತವೆ. ಒಂದು, ನಡೆಯುತ್ತಿರುವ ಅಥವಾ ಮತ್ತೆ ಮತ್ತೆ ನಡೆಯುವ ಕೆಲಸವನ್ನು ಹೇಳುತ್ತದೆ. ಇನ್ನೊಂದು, ಮುಗಿಯುವ ಕೆಲಸವನ್ನು ಹೇಳುತ್ತದೆ. ಓದು ಎಂಬುದಕ್ಕೆ 'ಚಿತಚ್' ಮತ್ತು 'ಪ್ಷೆಚಿತಚ್'. ಕನ್ನಡದ 'ಓದಿದೆ' ಎಂಬ ರೂಪ ಎರಡನ್ನೂ ನುಂಗಿಕೊಳ್ಳುತ್ತದೆ: 'ನಿನ್ನೆ ಎರಡು ಗಂಟೆ ಓದಿದೆ' ಎಂದರೆ ಅಲ್ಲಿ ಮೊದಲನೆಯದು ಬರುತ್ತದೆ, 'ಕೊನೆಗೂ ಆ ಕಾಗದ ಓದಿದೆ' ಎಂದರೆ ಎರಡನೆಯದು. ಎರಡನೆಯದಕ್ಕೆ ವರ್ತಮಾನವೇ ಇಲ್ಲ. 'ಪ್ಷೆಚಿತಮ್' ಎಂಬುದು ನೋಡಲು ವರ್ತಮಾನದಂತಿದ್ದರೂ ಅದರ ಅರ್ಥ 'ಓದಿ ಮುಗಿಸುತ್ತೇನೆ' ಎಂಬ ಭವಿಷ್ಯ.

ಕನ್ನಡಿಗರಿಗೆ ಇದನ್ನು ಗುರುತಿಸಲು ಒಂದು ಒಳ್ಳೆಯ ಉಪಾಯವಿದೆ, ಯಾವ ಇಂಗ್ಲಿಷ್ ಪಠ್ಯವೂ ಅದನ್ನು ಕೊಡಲಾರದು. ನಮ್ಮ 'ಬಿಡು', 'ಕೊಡು', 'ಮುಗಿಸು', 'ಹಾಕು' ಎಂಬ ಸಹಾಯಕ ಕ್ರಿಯಾಪದಗಳನ್ನು ನೆನೆಯಿರಿ. ತಿಂದೆ, ತಿಂದುಬಿಟ್ಟೆ. ಬರೆದೆ, ಬರೆದುಕೊಟ್ಟೆ. ಆ ಜಾಗದಲ್ಲಿ 'ಬಿಡು' ಸಹಜವಾಗಿ ಕೂರುತ್ತದೆಯೇ ಎಂದು ಕೇಳಿಕೊಂಡರೆ, ಅನೇಕ ಸಲ ಸರಿಯಾದ ಜೋಡಿ ಸಿಗುತ್ತದೆ. ಎಲ್ಲ ಸಲವೂ ಅಲ್ಲ, ಆದರೆ ಆರಂಭಕ್ಕೆ ಸಾಕು.

ನಿಷೇಧದಲ್ಲಿ ಈ ಹೋಲಿಕೆ ಇನ್ನೂ ಹತ್ತಿರ ಬರುತ್ತದೆ. 'ಕಿಟಕಿ ಮುಚ್ಚಿಬಿಡು' ಎನ್ನುತ್ತೇವೆ, ಬೇಡವೆನ್ನುವಾಗ 'ಮುಚ್ಚಬೇಡ' ಎಂದಷ್ಟೇ ಹೇಳುತ್ತೇವೆ. ಪೋಲಿಷಿನಲ್ಲಿಯೂ ಬೇಡವೆಂದು ಹೇಳುವಾಗ ಸಾಮಾನ್ಯವಾಗಿ ಮೊದಲ ಬಗೆಯ ಕ್ರಿಯಾಪದಕ್ಕೆ ಹೊರಳುತ್ತಾರೆ. ಬ್ರೆಡ್ ತೆಗೆದುಕೋ ಎನ್ನಲು 'ಕುಪ್ ಖ್ಲೆಪ್', ತೆಗೆದುಕೊಳ್ಳಬೇಡ ಎನ್ನಲು 'ನ್ಯೆ ಕುಪುಯ್ ಖ್ಲೆಬ'. ಹಾಗಾದರೆ ನಾವು 'ಬಿಡಬೇಡ' ಎಂದು ಯಾವಾಗ ಹೇಳುತ್ತೇವೆ? ಅರಿವಿಲ್ಲದೆ ಆಗಿಹೋಗಬಹುದಾದ ಕೆಡುಕನ್ನು ಎಚ್ಚರಿಸುವಾಗ: ಮರೆತುಬಿಡಬೇಡ, ಕೀಲಿ ಕಳೆದುಬಿಡಬೇಡ. ಅದೇ ಎಚ್ಚರಿಕೆಯ ಜಾಗದಲ್ಲಿ ಪೋಲಿಷ್ ಜನರು ಎರಡನೆಯ ಬಗೆಯ ಕ್ರಿಯಾಪದಕ್ಕೆ ಮರಳುತ್ತಾರೆ: 'ನ್ಯೆ ಜಪೊಮ್ನಿಯ್', 'ನ್ಯೆ ಜ್ಗುಪ್ ಕ್ಲುಚಿ'. ಒಂದಕ್ಕೊಂದು ಯಾವ ನಂಟೂ ಇಲ್ಲದ ಎರಡು ಭಾಷೆಗಳು ಮನೆಯ ಬಾಗಿಲಲ್ಲಿ ನಿಂತು ಮಕ್ಕಳಿಗೆ ಹೇಳುವ ಮಾತಿನಲ್ಲಿ ಹೀಗೆ ಒಂದಾಗುವುದನ್ನು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ನಿಮ್ಮ ಊರಿನ ಸಮೀಪದ್ದೇ ಒಂದು ವಿಷಯ ಹೇಳುತ್ತೇನೆ. ವ್ರೊತ್ಸ್ವಾಫ್‌ನ ದಕ್ಷಿಣಕ್ಕೆ ಹೆನ್ರಿಕುಫ್ ಎಂಬಲ್ಲಿ ಹಳೆಯ ಮಠವಿದೆ. ಅಲ್ಲಿ 13ನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಮಠದ ವೃತ್ತಾಂತದ ನಡುವೆ, ಈಗ ತಿಳಿದಿರುವ ಅತ್ಯಂತ ಹಳೆಯ ಪೋಲಿಷ್ ವಾಕ್ಯ ಸಿಕ್ಕಿದೆ. ಬೀಸುಕಲ್ಲಿನ ಮುಂದೆ ದಣಿದ ಹೆಂಡತಿಗೆ ಗಂಡ ಹೇಳುವ ಮಾತು ಅದು: 'ಇತ್ತ ಕೊಡು, ನಾನು ಒಂದಿಷ್ಟು ಬೀಸಿಕೊಡುತ್ತೇನೆ, ನೀನು ಸುಧಾರಿಸಿಕೊಳ್ಳುತ್ತಿರು.' ಬೀಸುವ ಕ್ರಿಯಾಪದಕ್ಕೆ 'ಪೊ' ಎಂಬ ಉಪಸರ್ಗ ಹತ್ತಿದೆ, ಸುಧಾರಿಸಿಕೊಳ್ಳುವ ಕ್ರಿಯಾಪದ ನಡೆಯುತ್ತಿರುವ ಬಗೆಯದು. ನೀವು ಕಿಟಕಿಯ ಬಳಿ ಕೇಳಿದ ಭೇದ ಆ ಒಂದು ಸಾಲಿನಲ್ಲಿ ಆಗಲೇ ಇದೆ. ಕೇಶಿರಾಜ ನಮ್ಮ ಭಾಷೆಯ ಸೂತ್ರಗಳನ್ನು ಕಟ್ಟಿದ ಶತಮಾನವೂ ಅದೇ. ಹೆನ್ರಿಕುಫ್‌ನ ಆ ಹಸ್ತಪ್ರತಿಯನ್ನು ಯುನೆಸ್ಕೊ 2015ರಲ್ಲಿ ವಿಶ್ವ ಸ್ಮರಣೆಯ ಪಟ್ಟಿಗೆ ಸೇರಿಸಿತು.

ಬೆಳಗಿನಟ್ರಾಮ್

ನಾನು ವುಚ್ ನಗರದಲ್ಲಿ ಓದುತ್ತಿರುವ ವಿದ್ಯಾರ್ಥಿ. ವಿದೇಶಿಯರಿಗೆ ಪೋಲಿಷ್ ಕಲಿಸುವ ಕೇಂದ್ರ ಇಲ್ಲಿನ ವಿಶ್ವವಿದ್ಯಾಲಯದಲ್ಲಿ 1952ರಿಂದ ಇದೆ. ಹಿರಿಯರ ಮಾತಿಗೆ ಒಂದನ್ನು ಸೇರಿಸುತ್ತೇನೆ. ನಮ್ಮ 'ನನಗೆ' ಎಂಬ ಪದ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. 'ಜಿಮ್ನೊ ಮಿ', ನನಗೆ ಚಳಿ. 'ಪೊದೊಬ ಮಿ ಶೆ', ನನಗೆ ಇಷ್ಟವಾಗುತ್ತದೆ. 'ಖ್ತ್ಸೆ ಮಿ ಶೆ ಸ್ಪಚ್', ನನಗೆ ನಿದ್ದೆ ಬರುತ್ತಿದೆ. ಇಂಗ್ಲಿಷಿನ ಮೂಲಕ ಕಲಿತವರು ಇವಕ್ಕೆಲ್ಲ 'ನಾನು' ಹಾಕಿ ಒದ್ದಾಡುವುದನ್ನು ನೋಡಿದ್ದೇನೆ. ಆದರೆ 'ನನಗೆ ತಲೆ ನೋಯುತ್ತಿದೆ' ಎಂಬಲ್ಲಿ ಜೋಪಾನ: ಅದು 'ಬೊಲಿ ಮ್ನ್ಯೆ ಗ್ವೊವ', ತಲೆ ನನ್ನನ್ನು ನೋಯಿಸುತ್ತಿದೆ ಎಂಬ ರಚನೆ, ಅಲ್ಲಿ 'ಮಿ' ಬರುವುದಿಲ್ಲ. ಹಾಗೆಯೇ 'ಶೆ' ಎಂಬುದು ಅನೇಕ ಕಡೆ ನಮ್ಮ 'ಕೊಳ್ಳು' ಇದ್ದ ಹಾಗೆ. 'ಮಿಚ್' ತೊಳೆ, 'ಮಿಚ್ ಶೆ' ಮೈ ತೊಳೆದುಕೋ. 'ಉಚಿಚ್' ಕಲಿಸು, 'ಉಚಿಚ್ ಶೆ' ಕಲಿತುಕೋ.

ನನಗೆ ಇನ್ನೂ ಅರ್ಥವಾಗದ ಒಂದು ಸಂಗತಿಯಿದೆ. ಕೈಗೆ 'ರೆಂಕ' ಎನ್ನುತ್ತಾರೆ, ಕೈಯಲ್ಲಿ ಎನ್ನಲು 'ವ್ ರೆಂತ್ಸೆ'. ಪ್ರತ್ಯಯ ಸೇರಿದರೆ ಮೂಲಪದದ ಕಕಾರವೇ ಏಕೆ ಮಾಯವಾಗಬೇಕು?

ಶಬ್ದಸಂಚಯ

ಇಕಾರ, ಎಕಾರಗಳ ಮುಂದೆ ಕಕಾರ ಮೆತ್ತಗಾಗಿ ನಾಲಗೆಯ ಮುಂಭಾಗಕ್ಕೆ ಜಾರುವುದು ಬಹಳ ಭಾಷೆಗಳಲ್ಲಿ ಕಾಣುವ ಸಂಗತಿ. ನಾವು ಕಿವಿ ಎನ್ನುವುದನ್ನು ತೆಲುಗರು ಚೆವಿ ಎನ್ನುತ್ತಾರೆ, ನಾವು ಕೈ ಎನ್ನುವುದನ್ನು ಅವರು ಚೆಯ್ಯಿ ಎನ್ನುತ್ತಾರೆ. ನಮ್ಮಲ್ಲಿ ಎರಡು ಭಾಷೆಗಳ ನಡುವೆ ಕಾಣುವ ಇಂಥ ಬದಲಾವಣೆ ಪೋಲಿಷಿನಲ್ಲಿ ಒಂದೇ ಪದದ ಎರಡು ರೂಪಗಳ ನಡುವೆ ಕಾಣುತ್ತದೆ. ಗಕಾರಕ್ಕೂ ಇದೇ ಗತಿ: ಕಾಲಿಗೆ 'ನೊಗ', ಕಾಲ ಮೇಲೆ ಎನ್ನಲು 'ನ ನೊದ್ಜೆ'. ಇದನ್ನು ಅಪವಾದವೆಂದು ಉರು ಹೊಡೆಯ ಬೇಡಿ, ಸಂಧಿಯೆಂದು ತಿಳಿಯಿರಿ.

ತುಂಗಭದ್ರಾ

ಕಲಿಯುವ ಕ್ರಮದ ಬಗ್ಗೆಯೂ ಒಂದು ಮಾತು. ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಪ್ರಯೋಜನವಿಲ್ಲ ಎಂದು ನಾನು ಬಹಳ ಕಾಲ ವಾದಿಸುತ್ತಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಇಲ್ಲಿನ ಶಾಲಾಮಕ್ಕಳು ಪ್ರತಿ ವಿಭಕ್ತಿಯನ್ನೂ ಪ್ರಶ್ನೆಯ ಮೂಲಕ ಕಲಿಯುತ್ತಾರೆ: ಯಾರು, ಏನು? ಯಾರ, ಯಾವುದರ? ಯಾರಿಗೆ, ಯಾವುದಕ್ಕೆ? ನಾನು ಆ ಪ್ರಶ್ನೆಗಳನ್ನು ಪೋಲಿಷಿನಲ್ಲೇ ಕಲಿತು, ಯಾವ ಕ್ರಿಯಾಪದ ಯಾವ ಪ್ರಶ್ನೆಯನ್ನು ಎಬ್ಬಿಸುತ್ತದೆ ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತ ಹೋದೆ. 'ಹೆದರು' ಎಂಬುದಕ್ಕೆ ಷಷ್ಠೀ, 'ನೆರವಾಗು' ಎಂಬುದಕ್ಕೆ ಚತುರ್ಥೀ, 'ಆಸಕ್ತನಾಗು' ಎಂಬುದಕ್ಕೆ ತೃತೀಯಾ. ಗುಣವಾಚಕವಿಲ್ಲದ ಒಂಟಿ ನಾಮಪದವನ್ನು ನಾನು ಬರೆಯುವುದೇ ಇಲ್ಲ, ಜೋಡಿಯಾಗಿಯೇ ಬರೆಯುತ್ತೇನೆ. ಪೌರತ್ವಕ್ಕೆ ಅರ್ಜಿ ಹಾಕಲು ಬಿ1 ಮಟ್ಟದ ಪ್ರಮಾಣಪತ್ರ ಬೇಕಾಗುವವರು ಗಮನಿಸಬೇಕಾದದ್ದು, ಸರ್ಕಾರಿ ಪರೀಕ್ಷೆಯಲ್ಲಿ ವ್ಯಾಕರಣಶುದ್ಧಿಗೆ ಪ್ರತ್ಯೇಕ ಭಾಗವಿದೆ. ಮಾತನಾಡಿ ಅರ್ಥ ಮಾಡಿಸಿದರೆ ಅಲ್ಲಿ ಸಾಲುವುದಿಲ್ಲ.

ಪೋಲಿಷ್ ಭಾಷೆಯ ಮೊದಲ ಮುದ್ರಿತ ವ್ಯಾಕರಣ 1568ರಲ್ಲಿ ಕ್ರಾಕುಫ್‌ನಲ್ಲಿ ಹೊರಬಂದಿತು. ಅದನ್ನು ಬರೆದ ಪ್ಯೊತ್ರ್ ಸ್ತಾತೊರಿಯುಸ್ ಹುಟ್ಟಿನಿಂದ ಫ್ರೆಂಚ್ ಮಾತಿನವರು, ಈ ಭಾಷೆಯನ್ನು ನಮ್ಮ ಹಾಗೆಯೇ ಹೊರಗಿನಿಂದ ಬಂದು ಕಲಿತವರು. ಬೇಸರವಾದ ಸಂಜೆಗಳಲ್ಲಿ ನಾನು ಅವರನ್ನು ನೆನೆಯುತ್ತೇನೆ.

ಓದ್ರಾತೀರ

ಮೂರು ವಾಕ್ಯ ಬರೆದಿದ್ದೇನೆ, ದಯವಿಟ್ಟು ತಿದ್ದಿ. ಮೊದಲನೆಯದು, ನಾಳೆ ನನಗೆ ಸಮಯವಿಲ್ಲ: 'ಯುತ್ರೊ ನ್ಯೆ ಮಮ್ ಚಾಸು.' ಎರಡನೆಯದು, ಐದು ಬನ್ನು ಮತ್ತು ಎರಡು ಬ್ರೆಡ್ ತೆಗೆದುಕೊಂಡೆ: 'ಕುಪಿವೆಮ್ ಪ್ಯೆಂಚ್ ಬುವೆಕ್ ಇ ದ್ವ ಖ್ಲೆಬಿ.' ಮೂರನೆಯದು, ನಿನ್ನೆ ಹೆಂಡತಿ ಮತ್ತು ಮಗಳು ಶಾಲೆಯಲ್ಲಿದ್ದರು: 'ಫ್ಚೊರಯ್ ಝೊನ ಇ ತ್ಸುರ್ಕ ಬಿಲಿ ವ್ ಷ್ಕೊಲೆ.'

ತುಂಗಭದ್ರಾ

ಮೊದಲ ಎರಡೂ ಸರಿಯಾಗಿವೆ. ಮೂರನೆಯದರಲ್ಲಿ 'ಬಿಲಿ' ಎಂಬುದು 'ಬಿವಿ' ಆಗಬೇಕು, ಏಕೆಂದರೆ ಇದ್ದವರು ಇಬ್ಬರೂ ಹೆಂಗಸರು. ಅದೇ ವಾಕ್ಯವನ್ನು ನಿಮ್ಮ ಮನೆಯವರು ತಮ್ಮ ಮಾತಿನಲ್ಲಿ, ನಾವು ಶಾಲೆಯಲ್ಲಿದ್ದೆವು ಎಂದು ಬರೆಯುವುದಾದರೆ 'ಬಿವಿಶ್ಮಿ' ಎನ್ನಬೇಕು. ನೀವೂ ಅವರ ಜೊತೆ ಹೋಗಿದ್ದಿದ್ದರೆ ಮಾತ್ರ 'ಬಿಲಿಶ್ಮಿ'.